ರೈಟ್ರು ತೆಗೆದ ಕೊಕ್ಕೆ

ಹೂಮಳೆ ಬಿದ್ದ ಮರುದಿನ ಚಿಕ್ಕಮಗಳೂರಿನ ಐ.ಜಿ. ರಸ್ತೆ ಪಕ್ಕದ ನನ್ನ ಡಿಟಿಪಿ ಅಂಗಡಿಗೆ ಮೂಡಿಗೆರೆ ಕಡೆಯ ತೋಟದ ಲೆಕ್ಕ ಬರೆಯುವ ರೈಟ್ರೊಬ್ಬರು ಬಂದರು. ಕೆಲಸ ಬಿಡುತ್ತಿದ್ದರು. ತಿಂಗಳ ಮುಂಚೆ ನೋಟಿಸ್ ಕೊಡಬೇಕು, ಅದೂ ಇಂಗ್ಲಿಷಿನಲ್ಲಿ. ಇಂಥ ಕಾಗದ ದಿನಕ್ಕೆ ನಾಲ್ಕು ಬಡಿಯುವವನು ನಾನು. ‘ಒನ್ ಮಂತ್ಸ್ ನೋಟಿಸ್’ ಅಂತ ಬಡಿದು ಪ್ರಿಂಟ್ ಒತ್ತಲು ಹೋದೆ.

“ತಡಿ. ಕೊಕ್ಕೆ ಎಲ್ಲಿ?”

ಕೊಕ್ಕೆ ಅಂದರೆ ಇಂಗ್ಲಿಷಿನ ಅಪಾಸ್ಟ್ರಫಿ (’). ಅವರ ಶಾಯಿ ಹತ್ತಿದ ಉಗುರು ಸ್ಕ್ರೀನಿನ ಮೇಲೆ ಎಚ್‌ಗೂ ಎಸ್‌ಗೂ ನಡುವಿನ ಸಂದಿಯಲ್ಲಿ ನಿಂತಿತ್ತು. ನನಗೆ ಉರಿಯಿತು. ಮನುಷ್ಯರದ್ದಾದರೆ ಸರಿ, ಹುಡುಗನ ಪುಸ್ತಕ, ರಾಮನ ಛತ್ರಿ. ತಿಂಗಳಿಗೆ ಎಲ್ಲಿಯ ಆಸ್ತಿ?

ಅವರು ರದ್ದಿ ಹಾಳೆ ಎಳೆದುಕೊಂಡರು. “ಬಟವಾಡೆ ದಿನ ‘ಎರಡು ದಿನ ಸಂಬಳ’ ಅಂತೀವಾ? ‘ಎರಡು ದಿನದ ಸಂಬಳ.’ ಆ ‘ದ’ನೇ ಈ ಕೊಕ್ಕೆ.” ಒಂದು ದಿನದ್ದಾದರೆ ಎಸ್‌ಗಿಂತ ಮುಂಚೆ. ಎರಡು ದಿನದ್ದಾದರೆ ‘ಡೇಸ್’ನಲ್ಲಿ ಎಸ್ ಆಗಲೇ ಬಂದು ಕೂತಿರುತ್ತದೆ, ಕೊಕ್ಕೆ ಅದರ ಆಚೆಗೆ.

ಶಾಲೆಯಲ್ಲಿ ‘ಷಷ್ಠಿ, ಅ’ ಅಂತ ರಾಗವಾಗಿ ಒದರಿದ್ದೆವು. ನಮ್ಮ ಷಷ್ಠಿ ಕಿವಿಗಾದರೂ ಬೀಳುತ್ತದೆ. ಇಂಗ್ಲಿಷಿನದು ಹೇಗೆ ಬರೆದರೂ ಬಾಯಲ್ಲಿ ಮಂತ್ಸ್, ಮಂತ್ಸ್, ಮಂತ್ಸ್! ಹಳೆಯ ಇಂಗ್ಲಿಷಿನಲ್ಲಿ ಆ ಎಸ್‌ಗಿಂತ ಮುಂಚೆ ಒಂದು ‘ಇ’ ಇತ್ತು, ಅದು ಉದುರಿದ ಜಾಗದ ಗುರುತು ಈ ಕೊಕ್ಕೆ ಅಂತ ಆಮೇಲೆ ಓದಿದೆ.

ಆದರೂ ಸೋಲೊಪ್ಪಲು ಮನಸ್ಸಾಗಲಿಲ್ಲ. “ಹತ್ತು ವರ್ಷದ ಹುಡುಗ ಅಂತೀವಲ್ಲ, ಅಲ್ಲೂ ‘ದ’ ಇದೆ?”

ರೈಟ್ರು ತಲೆ ಕೆರೆದುಕೊಂಡರು. ‘ಟೆನ್ ಇಯರ್ಸ್ ಓಲ್ಡ್’ಗೆ ಕೊಕ್ಕೆ ಇಲ್ಲ, ‘ಟೆನ್-ಇಯರ್-ಓಲ್ಡ್ ಬಾಯ್’ ಅಂದರೆ ಎಸ್ಸೇ ಇಲ್ಲ. ‘ದ’ ಕೈಕೊಟ್ಟಿತು. ಸ್ವಲ್ಪ ಹೊತ್ತಾದ ಮೇಲೆ, “ನಡುವೆ ‘ಆಫ್’ ತೂರಿಸಿ ನೋಡು” ಅಂದರು. ‘ಮಂತ್ ಆಫ್ ನೋಟಿಸ್’ ಕೂರುತ್ತದೆ. ‘ಇಯರ್ಸ್ ಆಫ್ ಓಲ್ಡ್’ ಜಪ್ಪಯ್ಯ ಅಂದರೂ ಕೂರುವುದಿಲ್ಲ. ಕೂತ ಕಡೆ ‘ಆಫ್’ ಕಿತ್ತು ಕೊಕ್ಕೆ ಹಾಕು. ‘ಆಫ್’ ಉಳಿಸಿಕೊಂಡರೆ ಕೊಕ್ಕೆ ಬೇಡ.

ಕಾಗದ ಮಡಚಿ ಜೇಬಿಗಿಟ್ಟು ಹೋಗುವಾಗ ಅವರು ಬಾಗಿಲ ಗಾಜಿನತ್ತ ಒಮ್ಮೆ ನೋಡಿ ನಕ್ಕರು. ಗಿರಾಕಿಗಳಿಗೆ ಕಾಣಲೆಂದು ಒಳಗಿನಿಂದ ನಾನೇ ಅಂಟಿಸಿದ್ದ ಮಾದರಿ ಬಯೋಡೇಟಾ: ‘ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್’. ಕೀಳಲು ಹೋದರೆ ಅಂಟು ಬಿಡಲಿಲ್ಲ. ಹೊರಗೆ ನಿಂತು ಗಾಜಿನ ಮೇಲೆಯೇ, ಎಸ್ ಆಚೆಗೆ, ಸ್ಕೆಚ್ ಪೆನ್ನಿನಲ್ಲಿ ಕೊಕ್ಕೆ ಎಳೆದೆ. ಸಂಜೆ ಇನ್ನೊಂದು ಮಳೆ ಬಂತು, ತೊಳೆದುಕೊಂಡು ಹೋಯಿತು.