ತಂತಿ ಮೇಲಿನ ಸ್ವೆಟರ್

ಇವತ್ತು ದಾವಣಗೆರೆಯ ಈ ಬಿಸಿಲಲ್ಲಿ, ಎದುರು ಮನೆ ಮಹಡಿಯ ತಂತಿ ಮೇಲೆ ಒಂದು ಉಣ್ಣೆ ಸ್ವೆಟರ್. ನೀರು ತೊಟ್ಟಿಕ್ತಾ ಇತ್ತು, ತೋಳು ಜೋತುಬಿದ್ದಿತ್ತು. ನೋಡಿ ಕರುಳು ಚುರ್ ಅಂತು.

ಒದ್ದೆ ಉಣ್ಣೆ ತನ್ನ ಭಾರಕ್ಕೇ ಜಗ್ಗುತ್ತೆ. ಹಿಂಡಲೂಬೇಡಿ. ಒಣ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿ. ಆಮೇಲೆ ನೆರಳಲ್ಲಿ ಮಂಚದ ಮೇಲೆ ಹರಡಿ, ತೋಳು, ಅಂಚು ಕೈಯಲ್ಲೇ ಅಳತೆಗೆ ತನ್ನಿ.

ತೊಳೆಯೋಕೆ 30 ಡಿಗ್ರಿ ಒಳಗಿನ ನೀರು, ಒಂದು ಚಮಚ ಶಾಂಪೂ, 10 ನಿಮಿಷ ಸಾಕು. ಉಜ್ಜಿದರೆ ಎಳೆ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ದಪ್ಪಗಾಗುತ್ತೆ. ಚಳ್ಳಕೆರೆ ಕಂಬಳಿಯ ಒರಟು ಉಣ್ಣೆ ಒಂದಿಷ್ಟು ತಡೆದೀತು, ಮೆರಿನೊ ಕುರಿಯ ನಯವಾದ ಉಣ್ಣೆ ತಡೆಯಲ್ಲ.

ಹಾಂ, ಬೆವರಿನ ಸ್ವೆಟರ್ ತೊಳೆಯದೆ ಎತ್ತಿಡಬೇಡಿ. ನುಸಿ ಮರಿ ಮೊದಲು ಕಡಿಯೋದು ಅಲ್ಲೇ.