ಸೊನ್ನೆ ತುಂಬಿಸಲು ಹೋಗಿ ತೂಕ ನಿಲ್ಲಿಸಿದೆ

ನಮ್ಮ ವೇಬ್ರಿಡ್ಜ್ (ಲೋಡ್ ಸಮೇತ ಗಾಡಿ ತೂಗುವ ಕಟ್ಟೆ) ಮೇಲೆ ಗಾಡಿ ನಿಂತು ತೂಕದ ಚೀಟಿ ಬರಲಿಲ್ಲ ಅಂದರೆ ಎಲ್ಲರೂ ಮೊದಲು ಬೈಯುವುದು ಪ್ರಿಂಟರಿಗೆ. ಅದು ಹಳೇ ಡಾಟ್ ಮ್ಯಾಟ್ರಿಕ್ಸ್. ವಾರಕ್ಕೆ ಎರಡು ಸಲವಾದರೂ ಪೇಪರ್ ಕಚ್ಚಿಕೊಂಡು ಕೂರುತ್ತದೆ. ಹಾಗಾಗಿ ಕಳೆದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹನ್ನೊಂದೂಕಾಲಿಗೆ "ಸರ್, ಚೀಟಿ ಬರ್ತಿಲ್ಲ" ಅಂತ ಫೋನ್ ಬಂದಾಗ ನಾನೂ ಸ್ಕ್ರೂಡ್ರೈವರ್ ಹಿಡಿದು ಪ್ರಿಂಟರ್ ಹತ್ತಿರವೇ ಓಡಿದೆ. ಚೀಟಿ ನಿಲ್ಲಿಸಿದವನು ನಾನೇ ಅಂತ ತಿಳಿಯಲು ಇನ್ನೂ ಅರ್ಧ ಗಂಟೆ ಹಿಡಿಯಿತು.

ಕೆಲಸ ಕುಶಾಲನಗರದ ಕಡೆ, ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ನಾನು ಅಲ್ಲಿ 'ಸಿಸ್ಟಮ್ಸ್'. ಅಂದರೆ ಸರ್ವರ್ ನನ್ನದು, ವೇಬ್ರಿಡ್ಜ್ ಸಾಫ್ಟ್‌ವೇರ್ ನನ್ನದು, ಸಿಸಿಟಿವಿ ನನ್ನದು, ಮ್ಯಾನೇಜರ್ ಮಗಳ ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಅದೂ ನನ್ನದೇ.

ಇದೆಲ್ಲ ಶುರುವಾಗಿದ್ದು ಆಡಿಟ್‌ನಿಂದ. 2018ರ ಆಗಸ್ಟ್ ಮಳೆಗೆ ಕಾವೇರಿ ಊರೊಳಗೇ ನುಗ್ಗಿದ್ದಳಲ್ಲ, ಆಗ ನಮ್ಮ ಆಫೀಸಿಗೆ ನೀರು ಬರಲಿಲ್ಲ, ಆದರೆ ಭಯ ಬಂತು. ಬೆಳೆಗಾರರ ಪಾಸ್‌ಬುಕ್, ಆಧಾರ್, ಆರ್‌ಟಿಸಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಸರ್ವರ್‌ನಲ್ಲಿ ಮೂರು ಮೂರು ಕಡೆ ನಕಲು ಇಟ್ಟರು. ನಾನು ಕೆಲಸಕ್ಕೆ ಸೇರಿದ ಮೇಲೆ ಆ ನಕಲುಗಳನ್ನೆಲ್ಲ ಡಿಲೀಟ್ ಮಾಡಿ, ದೊಡ್ಡ ಕೆಲಸ ಮುಗಿಸಿದೆ ಅಂದುಕೊಂಡಿದ್ದೆ. ಈ ಸಲ ಆಡಿಟರ್ ಜೊತೆ ಬಂದ ಹುಡುಗ ತನ್ನ ಪೆನ್‌ಡ್ರೈವ್‌ನಿಂದ ಫೋಟೋರೆಕ್ ಓಡಿಸಿದ. ಅದು ಅಳಿಸಿದ ಫೈಲ್ ಹುಡುಕಿ ತೆಗೆಯುವ ಟೂಲ್. ಫೈಲ್ ಹೆಸರು, ಫೋಲ್ಡರ್ ಯಾವುದೂ ಬೇಡ ಅದಕ್ಕೆ. ಡಿಸ್ಕನ್ನು ನೇರವಾಗಿ ಓದುತ್ತಾ ಹೋಗಿ ಜೆಪಿಇಜಿ ಚಿತ್ರ ಶುರುವಾಗುವ ಗುರುತು ಸಿಕ್ಕಿದಲ್ಲೆಲ್ಲ ಎತ್ತಿಕೊಂಡು ಬರುತ್ತದೆ. ಹತ್ತು ನಿಮಿಷದಲ್ಲಿ ಸ್ಕ್ರೀನ್ ಮೇಲೆ ಒಂದು ಪಾಸ್‌ಬುಕ್ಕಿನ ಮೊದಲ ಪುಟ ಬಂತು. ಮೂಲೆಯಲ್ಲಿ ಪುಸ್ತಕ ಒತ್ತಿ ಹಿಡಿದ ಯಾರದೋ ಹೆಬ್ಬೆರಳು. ಉಗುರಲ್ಲಿ ಕಾಫಿ ಕರೆ ಕೂಡ ಕಾಣುತ್ತಿತ್ತು.

ಡಿಲೀಟ್ ಅಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು ಅಷ್ಟೇ, ಸರಕು ಗೋಡೌನಿನಲ್ಲೇ ಇರುತ್ತದೆ ಅಂತ ನನಗೂ ಗೊತ್ತಿತ್ತು. ಆದರೂ ಆ ಹೆಬ್ಬೆರಳು ನೋಡಿ ಮುಖ ಬಿಸಿಯಾಯಿತು. ಆಡಿಟರ್ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಅಂತ ಏನೋ ಹೇಳಿದರು. ಮ್ಯಾನೇಜರ್ ನನ್ನ ಕಡೆ ತಿರುಗಿದರು.

"ಪೂರ್ತಿ ಅಳಿಸಬೇಕು. ಮೂವತ್ತೈದು ಸಲ ಮೇಲೆ ಮೇಲೆ ಬರೀಬೇಕಂತೆ, ಎಲ್ಲೋ ಓದಿದೀನಿ."

ಅದು ಪೀಟರ್ ಗುಟ್‌ಮನ್ ಅನ್ನುವ ಕಂಪ್ಯೂಟರ್ ಭದ್ರತಾ ತಜ್ಞರು 1996ರಲ್ಲಿ ಬರೆದ ಲೇಖನದ ಲೆಕ್ಕ. ಆಗಿನ ಬೇರೆ ಬೇರೆ ಥರದ ಡಿಸ್ಕ್‌ಗಳಿಗೆಲ್ಲ ಸೇರಿಸಿ ಹೇಳಿದ ಸಂಖ್ಯೆ. ಈಗಿನ ಹಾರ್ಡ್‌ಡಿಸ್ಕಿಗೆ ಅಷ್ಟೆಲ್ಲ ಬೇಡ ಅಂತ ಆಮೇಲೆ ಅವರೇ ಹೇಳಿದ್ದಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಮಾರ್ಗಸೂಚಿಯೂ ಒಂದು ಸಲ ಬರೆದರೆ ಸಾಮಾನ್ಯವಾಗಿ ಸಾಕು ಅನ್ನುತ್ತದೆ. ನಾನು ಲೆಕ್ಕ ಹಾಕಿ ತೋರಿಸಿದೆ. ಖಾಲಿ ಜಾಗ 600 ಜಿಬಿ, ಸೆಕೆಂಡಿಗೆ 100 ಎಂಬಿ ಬರೆದರೂ ಒಂದು ಸುತ್ತಿಗೆ ಒಂದು ಗಂಟೆ ನಲವತ್ತು ನಿಮಿಷ. ಮೂವತ್ತೈದು ಸಲ ಅಂದರೆ 58 ಗಂಟೆ. ಸೀಸನ್ ಮಧ್ಯೆ ಅಷ್ಟು ಹೊತ್ತಾ? "ಸರಿ, ಒಂದೇ ಸಲ ಮಾಡು. ಆದ್ರೆ ಇಂಟರ್‌ನೆಟ್‌ನಿಂದ ಏನೂ ಸರ್ವರ್‌ಗೆ ಹಾಕ್ಬೇಡ, ಡೇಂಜರ್" ಅಂದರು.

ಇದನ್ನೇ ನಾನು ಇವತ್ತಿಗೂ ಗೊಣಗುವುದು. ಪ್ರಪಂಚದವರೆಲ್ಲ ವರ್ಷಗಟ್ಟಲೆ ಬಳಸಿ ಪಳಗಿಸಿದ ಟೂಲ್ ಡೇಂಜರ್. ನಾನು ಮನೆಯಲ್ಲಿ ಊಟ ಆದ ಮೇಲೆ ಕೂತು ಬರೆಯುವ ಸಿ ಪ್ರೋಗ್ರಾಂ ಸೇಫ್! ಆದರೆ ನಿಜ ಹೇಳಬೇಕು, ಆಗ ನಾನು ವಾದ ಮಾಡಲಿಲ್ಲ. ಕಾಲೇಜು ಬಿಟ್ಟ ಮೇಲೆ ಸಿ ಬರೆಯುವ ಅವಕಾಶ ಸಿಗುವುದೇ ಕಡಿಮೆ. ಒಳಗೊಳಗೇ ಖುಷಿಯಾಗಿತ್ತು.

ಕೆಲಸವೇನೋ ಸುಲಭ. ಒಂದು ಫೈಲ್ ತೆರೆ, ಜಾಗ ಮುಗಿಯುವ ತನಕ ಸೊನ್ನೆ ಬರೆ, ಕೊನೆಗೆ ಫೈಲ್ ಅಳಿಸು. ಹಳೇ ಡೇಟಾ ಕೂತಿದ್ದ ಖಾಲಿ ಜಾಗವನ್ನೆಲ್ಲ ಆ ಫೈಲ್ ಆಕ್ರಮಿಸುತ್ತದೆ. ಮೊದಲ ದಿನ ಬುದ್ಧಿವಂತಿಕೆ ತೋರಿಸಲು ಹೋಗಿ, ಎಫ್‌ಸೀಕ್‌ನಿಂದ 10 ಜಿಬಿ ಮುಂದಕ್ಕೆ ಜಿಗಿದು ಕೊನೆಯಲ್ಲಿ ಒಂದೇ ಬೈಟ್ ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟರೆ 10 ಜಿಬಿ ಅನ್ನುತ್ತದೆ. ಡಿಸ್ಕ್ ಮೇಲೆ ನಿಜವಾಗಿ ಹಿಡಿದ ಜಾಗ ಹೇಳುವ ಡಿಯು ಕೊಟ್ಟರೆ 4 ಕೆಬಿ. ಮಧ್ಯೆ ಇರುವುದೆಲ್ಲ ತೂತು, ಡಿಸ್ಕ್ ಮೇಲೆ ಏನೂ ಬಿದ್ದೇ ಇಲ್ಲ. ಬೆಳೆಗಾರರೊಬ್ಬರು ಗೋಣಿಯ ಬಾಯಲ್ಲಿ ಮಾತ್ರ ಒಳ್ಳೇ ಚೆರ್ರಿ ಹಾಕಿ ತಂದಿದ್ದರು ಒಮ್ಮೆ, ಅದು ನೆನಪಾಯಿತು.

ಮಾರನೇ ದಿನ ಸರಿಯಾಗಿ ಬರೆದೆ. 1 ಎಂಬಿ ಬಫರ್, ಅದನ್ನು ಮತ್ತೆ ಮತ್ತೆ ಬರೆಯುವ ಒಂದು ಲೂಪ್, ರೈಟ್ ಫೇಲ್ ಆದರೆ ಬ್ರೇಕ್, ಅಂದರೆ ಲೂಪ್ ಬಿಟ್ಟು ಹೊರಗೆ. 8 ಜಿಬಿ ಪೆನ್‌ಡ್ರೈವ್ ಮೇಲೆ ಓಡಿಸಿದರೆ 4 ಜಿಬಿಗೇ ನಿಂತಿತು. ಅದರ ಫಾರ್ಮ್ಯಾಟ್ ಫ್ಯಾಟ್32, ಅದರಲ್ಲಿ ಒಂದು ಫೈಲ್ ಅಷ್ಟೇ ದೊಡ್ಡದಾಗಬಹುದು. ಲಿನಕ್ಸ್‌ನ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿ ಮತ್ತೆ ಓಡಿಸಿದೆ. ತುಂಬಿತು, ನಿಂತಿತು, ಫೈಲ್ ಅಳಿಸಿಕೊಂಡು ಹೊರಗೆ ಬಂತು. ಚೆಂದ.

ಅಲ್ಲಿಗೆ ಬಿಟ್ಟಿದ್ದರೆ ಈ ಪೋಸ್ಟ್ ಇರುತ್ತಿರಲಿಲ್ಲ. ರಾತ್ರಿ ಮಲಗುವ ಮುಂಚೆ ಎರಡು ಬದಲಾವಣೆ ಮಾಡಿದೆ. ಒಂದು, ಪ್ರತಿ ಎಂಬಿಗೂ ಎಫ್‌ಸಿಂಕ್. ಕ್ಯಾಶ್‌ನಲ್ಲಿ ಉಳಿಯದೆ ಡಿಸ್ಕಿಗೇ ಬೀಳಲಿ ಅಂತ. ಕೊನೆಯಲ್ಲಿ ಒಂದು ಸಲ ಕೊಟ್ಟಿದ್ದರೆ ಸಾಕಿತ್ತು. ಇನ್ನೊಂದು, ರೈಟ್ ಫೇಲ್ ಆದರೆ ಬ್ರೇಕ್ ಬದಲು ಒಂದು ಸೆಕೆಂಡ್ ಮಲಗಿ ಮತ್ತೆ ಪ್ರಯತ್ನ. ಇದು ವೇಬ್ರಿಡ್ಜ್ ಕೋಡಿನಿಂದ ಬಂದ ಚಾಳಿ. ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟಲ್ಲಿ ತೂಕ ಓದುವಾಗ ಆಗಾಗ ಏನೂ ಬರುವುದಿಲ್ಲ, ಮತ್ತೆ ಕೇಳಿದರೆ ಬರುತ್ತದೆ. ಡಿಸ್ಕಿಗೂ ಅದನ್ನೇ ಅಂಟಿಸಿದೆ. ಸಣ್ಣ ಎರರ್‌ಗೆಲ್ಲ ಅರ್ಧಕ್ಕೆ ನಿಲ್ಲಬಾರದಲ್ವಾ? ಜಾಗ ಮುಗಿಯಿತು ಅನ್ನುವುದೂ ರೈಟ್ ಫೇಲ್ ಆಗುವ ಮೂಲಕವೇ ತಿಳಿಯಬೇಕು ಅನ್ನುವುದು ತಲೆಗೇ ಬರಲಿಲ್ಲ. ಇಷ್ಟು ಬದಲಾಯಿಸಿದವನು ಮತ್ತೆ ಪೆನ್‌ಡ್ರೈವ್ ಹಾಕಿ ನೋಡಲಿಲ್ಲ. ನಿದ್ದೆ ಬರುತ್ತಿತ್ತು.

ಬೆಳಿಗ್ಗೆ ಆರೂವರೆಗೆ ಸರ್ವರ್‌ನಲ್ಲಿ ಶುರು ಮಾಡಿದೆ. ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದ ಬಳಕೆದಾರನಾಗಿ, ಯಾಕೆಂದರೆ ಇಎಕ್ಸ್‌ಟಿ4 ರೂಟ್‌ಗೆ ಅಂತ ಕಾದಿರಿಸುವ 5 ಶೇಕಡಾ ಜಾಗವೂ ತೊಳೆದುಹೋಗಲಿ. ನೋಹಪ್ ಹಾಕಿ, ಯಾಕೆಂದರೆ ಲ್ಯಾಪ್‌ಟಾಪ್ ಮುಚ್ಚಿದರೂ ಓಡುತ್ತಿರಲಿ. ಎಂಟೂಕಾಲಿಗೆ ಮುಗಿಯುತ್ತದೆ, ಗೇಟ್ ತೆರೆಯುವುದು ಒಂಬತ್ತಕ್ಕೆ. ಹೋಗಿ ಕಡುಬು ತಿಂದು ಬಂದೆ.

ಒಂಬತ್ತಕ್ಕೆ ನೋಡಿದರೆ ಅರ್ಧ ಆಗಿದೆ ಅಷ್ಟೇ. ಎಫ್‌ಸಿಂಕ್ ಹೊಡೆತಕ್ಕೆ ಸೆಕೆಂಡಿಗೆ 35 ಎಂಬಿ ಹೋಗುತ್ತಿತ್ತು. ಅಲ್ಲೇ ನಿಲ್ಲಿಸಬೇಕಿತ್ತು. ಕೈ ಕೀಬೋರ್ಡ್ ಮೇಲೆ ಇತ್ತು ಕೂಡ. ಆದರೆ ಎರಡೂವರೆ ಗಂಟೆ ಓಡಿದ್ದು ದಂಡವಾಗುತ್ತದಲ್ಲ ಅನ್ನಿಸಿತು. ಇನ್ನೂ 300 ಜಿಬಿ ಖಾಲಿ ಇದೆ, ಒಂದು ಚೀಟಿಗೆ ಎಷ್ಟು ಬೇಕು, ಕೆಲವು ಕೆಬಿ. ಓಡಲಿ ಬಿಡು. ಹತ್ತು ಗಂಟೆಯಿಂದ ಆಫೀಸಿನಲ್ಲಿ "ಇವತ್ತು ಸ್ಕ್ರೀನ್ ಯಾಕೋ ಸ್ಲೋ" ಅಂತ ಮೂರು ಜನ ಹೇಳಿದರು. ನೆಟ್‌ವರ್ಕ್ ಇರಬೇಕು ಅಂದೆ. ಸುಳ್ಳು ಅಂತ ನನಗೇ ಗೊತ್ತಿತ್ತು.

ಹಳೇ ಡೇಟಾ ಎಲ್ಲ ಹೋಯಿತು ಅನ್ನುವ ಗಳಿಗೆ ಇದ್ದರೆ, ಅದು ಡಿಸ್ಕಿನಲ್ಲಿ ಒಂದು ಬೈಟ್ ಜಾಗವೂ ಉಳಿಯದ ಗಳಿಗೆ. ಅದೇ ಡಿಸ್ಕಿನಲ್ಲಿ ನಮ್ಮ ಡೇಟಾಬೇಸ್ ಸಂಸಾರ ಹೂಡಿಕೊಂಡು ಕೂತಿದೆ. ಪೆನ್‌ಡ್ರೈವ್‌ನಲ್ಲಿ ಬೇರೆ ಯಾರೂ ವಾಸ ಇರಲಿಲ್ಲ, ತುಂಬಿದರೆ ಕೇಳುವವರಿಲ್ಲ. ಈ ವ್ಯತ್ಯಾಸ ಮೂರು ದಿನದಲ್ಲಿ ಒಂದು ಸಲವೂ ಹೊಳೆಯಲಿಲ್ಲ.

ಸರಿ, ಹನ್ನೊಂದೂಕಾಲು. ಪ್ರಿಂಟರ್ ಬಿಚ್ಚಿದೆ, ಪೇಪರ್ ಸರಿ ಇದೆ. ರಿಬ್ಬನ್ ಸರಿ ಇದೆ. ನೆಟ್‌ವರ್ಕ್ ಸ್ವಿಚ್ಚಿನ ದೀಪ ಮಿನುಗುತ್ತಿದೆ. ಬ್ರಿಡ್ಜ್ ಮೇಲೆ ಒಂದು ಪಿಕಪ್, ಹಿಂದೆ ಮೂರು, ಆಮೇಲೆ ಒಂದು ಟ್ರಾಕ್ಟರ್. ಲೋಡಿಂಗಿನ ಅಸ್ಸಾಂ ಹುಡುಗರು ಗೋಣಿ ಮೇಲೆ ಕೂತು ಫೋನ್ ನೋಡುತ್ತಿದ್ದಾರೆ. ಪಿಕಪ್ಪಿನವರು ಇಳಿದು ಬಂದರು. ವಿರಾಜಪೇಟೆ ಕಡೆಯ ಬೆಳೆಗಾರರು, ವಯಸ್ಸಾದವರು.

"ಏನ್ ಮಾರಾಯ, ಕಾಫಿ ಕುಯ್ಯೋಕೆ ಆಳು ಸಿಗಲ್ಲ. ಕುಯ್ದು ಒಣಗಿಸಿ ತಂದ್ರೆ ನಿಮ್ಮಲ್ಲಿ ಚೀಟಿ ಇಲ್ಲ."

"ಐದು ನಿಮಿಷ ಅಂಕಲ್, ಪ್ರಿಂಟರ್" ಅಂದೆ.

ಸರ್ವರ್ ರೂಮಿಗೆ ಹೋಗಿ, ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕೊಟ್ಟೆ. ನೂರು ಶೇಕಡಾ. ಹೊಟ್ಟೆಯಲ್ಲಿ ತಣ್ಣಗಾಯಿತು. ಆದರೂ ಸಮಾಧಾನ ಮಾಡಿಕೊಂಡೆ. ತುಂಬಿತಲ್ಲ, ಈಗ ಪ್ರೋಗ್ರಾಂ ಮುಗಿದು ತಾನೇ ಫೈಲ್ ಅಳಿಸುತ್ತದೆ. ಮೂರು ನಿಮಿಷ ಕಾದೆ. ನೂರು ಶೇಕಡಾ. ಅಷ್ಟರಲ್ಲಿ ಒಂದು ಗಾಡಿಯಾದರೂ ಇಳಿಯಲಿ ಅಂತ ಹಳೇ ಲಾಗ್ 300 ಎಂಬಿ ಅಳಿಸಿದೆ. ಒಂದು ಚೀಟಿ ಕರಕರ ಅಂತ ಬಂತು. ಹೊರಗೆ ಯಾರೋ ಚಪ್ಪಾಳೆ ಹೊಡೆದರು. ಮತ್ತೆ ನಿಂತಿತು. ಆಮೇಲೆ ಲೆಕ್ಕ ಹಾಕಿದರೆ, ಸೆಕೆಂಡಿಗೆ 35 ಎಂಬಿಯಂತೆ ನನ್ನ ಪ್ರೋಗ್ರಾಂ ಆ 300 ಎಂಬಿಯನ್ನು ಒಂಬತ್ತು ಸೆಕೆಂಡಿನಲ್ಲಿ ನುಂಗಿತ್ತು. ಆ ಒಂಬತ್ತು ಸೆಕೆಂಡಿನಲ್ಲಿ ಜಾರಿ ಬಂದ ಚೀಟಿ ಅದು.

ಇನ್ನು ಕಾಯುವುದು ಬೇಡ ಅಂತ ಸೊನ್ನೆ ತುಂಬಿದ ಫೈಲನ್ನೇ ಆರ್‌ಎಂ ಕೊಟ್ಟು ಅಳಿಸಿದೆ. ಎಲ್‌ಎಸ್ ಕೊಟ್ಟೆ, ಫೈಲ್ ಇಲ್ಲ. ಡಿಎಫ್ ಕೊಟ್ಟೆ, ನೂರು ಶೇಕಡಾ.

ಆ ಎರಡು ಸಾಲು ನೋಡಿಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಫೈಲ್ ಇಲ್ಲ, ಜಾಗವೂ ಇಲ್ಲ. ಹಾಗಾದರೆ 600 ಜಿಬಿ ಎಲ್ಲಿ ಹೋಯಿತು? ಫೈಲ್ ಸಿಸ್ಟಮ್ಮೇ ಕೆಟ್ಟಿತಾ? ಸೀಸನ್ನಿನ ಲೆಕ್ಕ ಪೂರ್ತಿ ಇದರಲ್ಲೇ ಇದೆ. ಹೊರಗೆ ಹಾರ್ನ್. ಬೆರಳು ಪವರ್ ಬಟನ್ ಮೇಲೆ ಇತ್ತು. ಡೇಟಾಬೇಸ್ ಅರ್ಧ ಬರೆದು ನಿಂತಿರುವಾಗ ಕರೆಂಟ್ ತೆಗೆದರೆ ಏನಾಗುತ್ತದೋ ಅನ್ನುವ ಹೆದರಿಕೆಯೊಂದೇ ನನ್ನನ್ನು ತಡೆದದ್ದು.

ಅಕೌಂಟ್ಸ್ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಕಂಪ್ಯೂಟರ್ ಅಂದರೆ ಅವರಿಗೆ ಟ್ಯಾಲಿ, ಅಷ್ಟೇ. "ಏನೋ ಅದು, ಬೆಳಿಗ್ಗೆಯಿಂದ ಏನೋ ಓಡಿಸ್ತಿದೀನಿ ಅಂದ್ಯಲ್ಲ, ಅದನ್ನ ನಿಲ್ಸಿದ್ಯಾ?"

ನಿಲ್ಲಿಸಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಪೆನ್‌ಡ್ರೈವ್ ಮೇಲೆ ತಾನಾಗಿ ನಿಂತ ಹಳೇ ಪ್ರೋಗ್ರಾಂ. ಓಡುತ್ತಿದ್ದದ್ದು ಸೆಕೆಂಡಿಗೊಮ್ಮೆ ಎದ್ದು ಜಾಗ ಇದೆಯಾ ಅಂತ ಕೇಳುವ ಹೊಸದು. ಅದು ಫೈಲನ್ನು ತೆರೆದು ಹಿಡಿದಿರುವ ತನಕ ನಾನು ಹೆಸರು ಅಳಿಸಿದರೆ ಏನು ಬಂತು, ಲಿನಕ್ಸ್ ಜಾಗ ಬಿಟ್ಟುಕೊಡುವುದಿಲ್ಲ. ಹೆಸರು ಹೋದರೂ ಸರಕು ಗೋಡೌನಿನಲ್ಲೇ ಇರುತ್ತದೆ ಅಂತ ಆಡಿಟರ್ ಮುಂದೆ ತಲೆ ಆಡಿಸಿದವನು ನಾನೇ ತಾನೇ! ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಕೊಟ್ಟರೆ 'ಡಿಲೀಟೆಡ್' ಅಂತ ಪಕ್ಕದಲ್ಲಿ ಬರೆದುಕೊಂಡು ನನ್ನ ಫೈಲ್ ಅಲ್ಲೇ ಕೂತಿತ್ತು. ಕಿಲ್ ಹೊಡೆದು ಪ್ರೋಗ್ರಾಂ ನಿಲ್ಲಿಸಿದೆ. ಕೆಲವು ಸೆಕೆಂಡಿನಲ್ಲಿ 600 ಜಿಬಿ ವಾಪಸ್ ಬಂತು. ಅಕ್ಕ ಆಗಲೇ ಹೋಗಿದ್ದರು.

ಡೇಟಾಬೇಸ್ ಎದ್ದಿತು, ಸದ್ಯ. ಆದರೆ ವಿರಾಜಪೇಟೆಯವರ ಪಿಕಪ್ಪಿನ ಗ್ರಾಸ್ ತೂಕ, ಅಂದರೆ ಲೋಡ್ ಸಮೇತದ ತೂಕ, ಸೇವ್ ಆಗಿರಲಿಲ್ಲ. ಚೀಟಿ ಬರದಿದ್ದರೂ ಇಳಿಸಿಬಿಡಿ ಅಂತ ಆಪರೇಟರ್ ಹೇಳಿ, ಅವರು ಗೋಣಿ ಇಳಿಸಿಯೂ ಆಗಿತ್ತು. ಖಾಲಿ ಗಾಡಿಯ ತೂಕ (ಟೇರ್) ಇದೆ, ಗ್ರಾಸ್ ಇಲ್ಲ. ಎಲ್ಲ ಗೋಣಿ ಮತ್ತೆ ಹೇರಿಸಬೇಕಾ ಅಂತ ನಾನು ಯೋಚಿಸುತ್ತಿರುವಾಗ ಅವರು ಜೇಬಿನಿಂದ ಫೋನ್ ತೆಗೆದರು. ಇಂಡಿಕೇಟರಿನ ಕೆಂಪು ಅಂಕಿಯ ಫೋಟೋ. 2860. ಕೆಳಗೆ ಟೈಮೂ ಇತ್ತು.

"ನಿಮ್ಮ ಮೇಲೆ ಡೌಟ್ ಅಂತಲ್ಲ" ಅಂದರು. ಡೌಟೇ. ಪ್ರತಿ ಸಲ ತೆಗೆಯುತ್ತಾರಂತೆ.

ಮ್ಯಾನೇಜರಿಗೆ ಸಂಜೆ ಪೂರ್ತಿ ಹೇಳಿದೆ. ಅವರು ಕೇಳಿಸಿಕೊಂಡು ನೋಟಿಸ್ ಬೋರ್ಡಿಗೆ ಒಂದು ಹಾಳೆ ಹಾಕಿಸಿದರು. 'ಸರ್ವರ್‌ನಲ್ಲಿ ಸಿ ಪ್ರೋಗ್ರಾಂ ಓಡಿಸುವುದನ್ನು ನಿಷೇಧಿಸಲಾಗಿದೆ.' ಸಿ ಏನು ಮಾಡಿತು ಪಾಪ. ಈಗ ನಾನು ಇಂಥದ್ದೇನಿದ್ದರೂ ಭಾನುವಾರ, ಡೇಟಾಬೇಸ್ ನಿಲ್ಲಿಸಿ, ಟರ್ಮಿನಲ್ ಮುಂದೆ ಕೂತು ಮಾಡುತ್ತೇನೆ. ಪರೀಕ್ಷೆ ಮಾಡಿದ ಮೇಲೆ ಒಂದು ಸೆಮಿಕೋಲನ್ ಬದಲಾದರೂ ಮತ್ತೆ ಪೆನ್‌ಡ್ರೈವ್ ಹಾಕುತ್ತೇನೆ.

ಹೊಸ ಸರ್ವರ್ ಬಂದರೆ ಎಸ್‌ಎಸ್‌ಡಿ ಇರುತ್ತದಂತೆ, ಅಲ್ಲೂ ಇದೇ ಪ್ರೋಗ್ರಾಂ ಆಗುತ್ತಲ್ಲ ಅಂತ ಮ್ಯಾನೇಜರ್ ಮೊನ್ನೆ ಕೇಳಿದರು. ಆಗಲ್ಲ ಸರ್ ಅಂದೆ. ಎಸ್‌ಎಸ್‌ಡಿ ಸವಕಳಿ ಹಂಚಲು ಪ್ರತಿ ಸಲ ಬೇರೆ ಕಡೆ ಬರೆಯುತ್ತದೆ, ಒಂದಿಷ್ಟು ಜಾಗವನ್ನು ನಮಗೆ ತೋರಿಸುವುದೇ ಇಲ್ಲ, ಅದಕ್ಕೆ ಡ್ರೈವಿನದೇ ಸೆಕ್ಯೂರ್ ಇರೇಸ್ ಆಜ್ಞೆ ಕೊಡಬೇಕು. ಅಷ್ಟು ಹೇಳುವ ಹೊತ್ತಿಗೆ ಅವರು ಯಾರಿಗೋ ಫೋನ್ ಮಾಡುತ್ತಿದ್ದರು.

ಅಂದಹಾಗೆ, ಆಡಿಟರ್ ಹುಡುಗ ಮುಂದಿನ ತಿಂಗಳು ಬಂದು ಮತ್ತೆ ಫೋಟೋರೆಕ್ ಓಡಿಸಿದ. ಪಾಸ್‌ಬುಕ್ ಒಂದೂ ಸಿಗಲಿಲ್ಲ, ಹೆಬ್ಬೆರಳೂ ಇಲ್ಲ. ವಿರಾಜಪೇಟೆಯವರು ಕೊನೇ ಲೋಡ್ ತಂದದ್ದೂ ಅವತ್ತೇ. ಬ್ರಿಡ್ಜ್ ಮೇಲೆ ಪಿಕಪ್ ಹತ್ತಿಸಿ, ಫೋನ್ ಎತ್ತಿ ಹಿಡಿದು, ನನ್ನ ಕಿಟಕಿ ಕಡೆ ಕೂಗಿದರು.

"ಇವತ್ತು ಪ್ರಿಂಟರ್ ಸರಿ ಇದೆ ತಾನೇ?"