ಮಂಗಳೂರಿನಲ್ಲಿ ಎಲ್ಲವೂ ಎರಡೆರಡು: ರೂಮು ಬುಕ್ ಮಾಡುವ ಮೊದಲು

ಮಂಗಳೂರಿನಲ್ಲಿ ಬಂದರು ಎರಡು, ದೊಡ್ಡ ರೈಲು ನಿಲ್ದಾಣ ಎರಡು, ಬಸ್ ಸ್ಟ್ಯಾಂಡೂ ಎರಡು. ನಿಮ್ಮ ಕೆಲಸ ಇದರಲ್ಲಿ ಯಾವುದರ ಹತ್ತಿರ ಎಂದು ತಿಳಿಯದೆ ರೂಮು ಮಾಡಿದರೆ ದಿನಕ್ಕೆ ಎರಡು ತಾಸು ರಸ್ತೆಯಲ್ಲೇ ಹೋಗುತ್ತದೆ.

ಬಂದರಿನಿಂದಲೇ ಶುರು ಮಾಡೋಣ. ಹಳೆ ಬಂದರು ಪೇಟೆಯೊಳಗೇ ಇದೆ, ಪೇಟೆಯ ನಡುಭಾಗವಾದ ಹಂಪನಕಟ್ಟೆಯಿಂದ ನಡೆದೇ ಹೋಗಬಹುದು. ಮೀನುಗಾರಿಕೆಯ ಧಕ್ಕೆ (ದೋಣಿ ನಿಲ್ಲುವ ಕಟ್ಟೆ), ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ದೋಣಿಗಳು, ಸಗಟು ವ್ಯಾಪಾರದ ಓಣಿಗಳು ಎಲ್ಲ ಅಲ್ಲೇ. ಹಡಗುಗಳು ಬರುವ ನವಮಂಗಳೂರು ಬಂದರು ಇರುವುದು ಪಣಂಬೂರಿನಲ್ಲಿ, ಪೇಟೆಯಿಂದ ಉತ್ತರಕ್ಕೆ ಸುಮಾರು ಹತ್ತು ಕಿ.ಮೀ. ದೂರ. "ಬಂದರಿಗೆ ಹೋಗಬೇಕು" ಎಂದಷ್ಟೇ ಹೇಳಿದರೆ ರಿಕ್ಷಾದವರು ಹಳೆ ಬಂದರಿಗೇ ಬಿಡುತ್ತಾರೆ, ಅದು ಅವರ ತಪ್ಪಲ್ಲ. "ಪಣಂಬೂರು, ಎನ್‌ಎಂಪಿಟಿ" (ನವಮಂಗಳೂರು ಬಂದರಿಗೆ ಜನ ಬಳಸುವ ಹಳೆ ಚುಟುಕು ಹೆಸರು) ಎನ್ನಿ. ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಕರೆಸಿಕೊಂಡ ಕಂಪನಿಯವರಿಂದ ಯಾವ ಗೇಟು ಎಂಬುದನ್ನೂ ಪಾಸಿನ ವ್ಯವಸ್ಥೆಯನ್ನೂ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ವಿಮಾನ ನಿಲ್ದಾಣವನ್ನು ಎಲ್ಲರೂ ಬಜ್ಪೆ ಎನ್ನುತ್ತಾರೆ. ಆದರೆ 2010ರಿಂದ ಬಳಕೆಯಲ್ಲಿರುವ ಟರ್ಮಿನಲ್ ಇರುವುದು ಕೆಂಜಾರಿನ ಗುಡ್ಡದ ಮೇಲೆ. ಹಂಪನಕಟ್ಟೆ ಬಳಿಯ, ಸಿಟಿ ಬಸ್ ಸ್ಟ್ಯಾಂಡ್ ಇರುವ ಸ್ಟೇಟ್ ಬ್ಯಾಂಕ್‌ನಿಂದ ಬಜ್ಪೆಗೆ ಹೋಗುವ 47ರ ಸಿಟಿ ಬಸ್ಸುಗಳು ಗುಡ್ಡದ ಬುಡದ ರಸ್ತೆಯಲ್ಲಿ ಸಾಗುತ್ತವೆ, ಟರ್ಮಿನಲ್ ಬಾಗಿಲಿಗೆ ಬರುವುದಿಲ್ಲ. ಬಜ್ಪೆ ಪೇಟೆವರೆಗೆ ಟಿಕೆಟ್ ತೆಗೆದುಕೊಂಡು ಕೂತರೆ ಮುಂದೆ ಹೋಗಿಬಿಡುತ್ತೀರಿ. ಏರ್‌ಪೋರ್ಟ್ ರಸ್ತೆ ಕೂಡುವಲ್ಲಿ ಇಳಿಸಿ ಎಂದು ಕಂಡಕ್ಟರ್‌ಗೆ ಮೊದಲೇ ಹೇಳಿ. ಅಲ್ಲಿಂದ ಮೇಲಕ್ಕೆ ಏರು ದಾರಿ. ಬ್ಯಾಗು ಒಂದೇ ಇದ್ದರೆ ಸರಿ, ಸೂಟ್‌ಕೇಸು ಇದ್ದರೆ ಟ್ಯಾಕ್ಸಿಯೇ ಲೇಸು. ಬಂದಿಳಿದವರು ಪ್ರೀಪೇಯ್ಡ್ ಕೌಂಟರಿನಲ್ಲಿ ಚೀಟಿ ಮಾಡಿಸಿಕೊಂಡೇ ಹೊರಗೆ ಹೆಜ್ಜೆ ಇಡಿ.

ಇನ್ನು ದಾರಿ. ಕೆಂಜಾರಿನಿಂದ ಇಳಿದು ಮರವೂರು ಸೇತುವೆ ದಾಟಿದರೆ ಕಾವೂರು. ಇಡೀ ಲೆಕ್ಕಾಚಾರ ನಿಂತಿರುವುದು ಈ ಕಾವೂರಿನ ಮೇಲೆ. ನೇರ ಹೋದರೆ ಬೋಂದೆಲ್, ಪದವಿನಂಗಡಿ, ಯೆಯ್ಯಾಡಿ, ಕೆಪಿಟಿ ದಾಟಿ ಪೇಟೆ. ಬಲಕ್ಕೆ ತಿರುಗಿದರೆ ಕೂಳೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ, ಅಲ್ಲಿಂದ ಪಣಂಬೂರು, ಬೈಕಂಪಾಡಿ, ಸುರತ್ಕಲ್. ಪಣಂಬೂರು ಬಂದರಿನಲ್ಲಿ ಕೆಲಸವಿರುವವರು, ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿಗೆ ಮಕ್ಕಳನ್ನು ಬಿಡಲು ಬಂದವರು, ಉಡುಪಿ ಮಣಿಪಾಲಕ್ಕೆ ಹೋಗುವವರು ಮಂಗಳೂರು ಪೇಟೆಯನ್ನು ನೋಡುವ ಅಗತ್ಯವೇ ಇಲ್ಲ. ಸುರತ್ಕಲ್ ಕಡೆಯೇ ರೂಮು ಮಾಡಿ. ಕಟೀಲಿಗೆ ಹೋಗುವವರಂತೂ ಉಲ್ಟಾ ದಿಕ್ಕು, ಬಜ್ಪೆ ದಾಟಿಯೇ ಹೋಗಬೇಕು. ಕೂಳೂರು ಸೇತುವೆಯ ಬಳಿ ಬೆಳಿಗ್ಗೆ ಸಂಜೆ ಲಾರಿಗಳ ಸಾಲು ನಿಲ್ಲುತ್ತದೆ. ವಿಮಾನ ಹಿಡಿಯುವವರು ಅದಕ್ಕೆಂದೇ ಅರ್ಧ ತಾಸು ಜಾಸ್ತಿ ಇಟ್ಟುಕೊಳ್ಳಬೇಕು.

ಪೇಟೆಯಲ್ಲೇ ಉಳಿಯುವವರಿಗೆ ಹಂಪನಕಟ್ಟೆ ಎಲ್ಲದಕ್ಕೂ ಅನುಕೂಲ. ಸೆಂಟ್ರಲ್ ರೈಲು ನಿಲ್ದಾಣ, ಸಿಟಿ ಬಸ್ಸು, ಉಡುಪಿ ಮೂಡುಬಿದಿರೆ ಕಡೆಯ ಸರ್ವಿಸ್ ಬಸ್ಸು ಎಲ್ಲ ಹತ್ತಿರ. ಗದ್ದಲವೂ ಅಷ್ಟೇ. ರಸ್ತೆ ಬದಿಯ ಕೋಣೆ ಕೊಟ್ಟರೆ ಬೆಳಿಗ್ಗೆ ಆರರಿಂದಲೇ ಹಾರ್ನು, ಜೊತೆಗೆ ಕಂಡಕ್ಟರ್‌ಗಳ "ರೈಟ್ ಪೋಯಿ" (ತುಳುವಿನಲ್ಲಿ ‘ಸರಿ, ಹೋಗೋಣ’). ಹಿಂಬದಿಯ ಕೋಣೆ ಕೇಳಿ. ನಡುರಾತ್ರಿ ಗಲ್ಫ್ ವಿಮಾನದಲ್ಲಿ ಇಳಿಯುವವರು 24 ಗಂಟೆಯ ಚೆಕ್‌ಔಟ್ ಇರುವ ಲಾಡ್ಜ್ ಹುಡುಕಬೇಕು. ಮಧ್ಯಾಹ್ನ 12ಕ್ಕೆ ಖಾಲಿ ಮಾಡಿಸುವ ಕಡೆ ಹತ್ತು ತಾಸಿಗೆ ಪೂರ್ತಿ ದಿನದ ಬಾಡಿಗೆ ಹೋಗುತ್ತದೆ. ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡ್ ಹಂಪನಕಟ್ಟೆಯಲ್ಲಿಲ್ಲ, ಬಿಜೈಯಲ್ಲಿದೆ. ಬೆಂಗಳೂರು, ಮೈಸೂರಿನ ಸರ್ಕಾರಿ ಬಸ್ಸಿಗೆ ಬರುವ ಹೋಗುವವರಿಗೆ ಬಿಜೈ, ಕದ್ರಿ ಕಡೆ ಒಳ್ಳೆಯದು, ಏರ್‌ಪೋರ್ಟ್ ರಸ್ತೆಗೂ ಹತ್ತಿರ. ಆಸ್ಪತ್ರೆಗೆಂದು ಬರುವವರು ಯಾವ ಆಸ್ಪತ್ರೆ ಎಂದು ನೋಡಿ ರೂಮು ಮಾಡಿ. ಕಂಕನಾಡಿಯದ್ದಾದರೆ ಕಂಕನಾಡಿ, ಫಳ್ನೀರ್ ಸಾಕು. ದೇರಳಕಟ್ಟೆಯದ್ದಾದರೆ ನೇತ್ರಾವತಿ ದಾಟಿ ಅಲ್ಲೇ ಉಳಿಯಿರಿ. ರೋಗಿಯನ್ನು ಕರೆದುಕೊಂಡು ದಿನವೂ ಪಂಪ್‌ವೆಲ್ ವೃತ್ತ ದಾಟುವುದು ಬೇಡ. ಸ್ಟೇಟ್ ಬ್ಯಾಂಕ್‌ನಿಂದ ದೇರಳಕಟ್ಟೆಗೆ ಕೊಣಾಜೆ ಕಡೆಯ 51ರ ಬಸ್ಸುಗಳಿವೆ.

ರೈಲಿನಲ್ಲಿ ಆಗುವ ಎಡವಟ್ಟು ಬೇರೆ. ಮುಂಬೈ ಕಡೆಯಿಂದ ಕೇರಳಕ್ಕೆ ಹೋಗುವ ನೇತ್ರಾವತಿ, ಮಂಗಳಾದಂಥ ರೈಲುಗಳು ಸೆಂಟ್ರಲ್‌ಗೆ ಬರುವುದಿಲ್ಲ, ಪಡೀಲ್ ಬಳಿಯ ಜಂಕ್ಷನ್‌ನಲ್ಲಿ ನಿಂತು ಮುಂದೆ ಹೋಗುತ್ತವೆ. ಮತ್ಸ್ಯಗಂಧ ಮಾತ್ರ ಸೆಂಟ್ರಲ್‌ನದ್ದು. ಟಿಕೆಟಿನಲ್ಲಿ ಎಂಎಕ್ಯೂ ಎಂದಿದ್ದರೆ ಸೆಂಟ್ರಲ್, ಎಂಎಜೆಎನ್ ಎಂದಿದ್ದರೆ ಜಂಕ್ಷನ್. ಜಂಕ್ಷನ್‌ನ ಹಳೆ ಹೆಸರು ಕಂಕನಾಡಿ ಸ್ಟೇಷನ್. ಹಳಬರು ಈಗಲೂ ಹಾಗೇ ಹೇಳುವುದುಂಟು, ಆದರೆ ಕಂಕನಾಡಿ ಪೇಟೆ ಅಲ್ಲಿಂದ ದೂರ.

ರಿಕ್ಷಾಗಳು ಇಲ್ಲಿ ಸಾಮಾನ್ಯವಾಗಿ ಮೀಟರ್ ಹಾಕುತ್ತವೆ. 2022ರ ಪರಿಷ್ಕರಣೆಯಲ್ಲಿ ಮೊದಲ ಒಂದೂವರೆ ಕಿ.ಮೀ.ಗೆ 35 ರೂಪಾಯಿ, ಆಮೇಲೆ ಕಿ.ಮೀ.ಗೆ 20 ರೂಪಾಯಿ ಮಾಡಿದ್ದರು. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಸಿಟಿ ಬಸ್ಸುಗಳೆಲ್ಲ ಹೆಚ್ಚುಕಡಿಮೆ ಖಾಸಗಿಯವೇ. ಹಗಲು ಕಾಯುವ ಮಾತಿಲ್ಲ, ಆದರೆ ರಾತ್ರಿ ಎಂಟೂವರೆ ದಾಟಿದ ಮೇಲೆ ನಂಬಬೇಡಿ. ತಣ್ಣೀರುಬಾವಿ ಕಡಲತೀರಕ್ಕೆ ರಸ್ತೆಯಲ್ಲಿ ಹೋದರೆ ಕೂಳೂರು ಸುತ್ತಬೇಕು. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿದರೆ ಕೆಲವೇ ನಿಮಿಷ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅದು ನಿಲ್ಲುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಲೇಬೇಕು. ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಪೇಟೆಯಲ್ಲಿ ಬೆಳಕಿದ್ದರೂ ಅಲ್ಲಿ ಮೋಡ ಕವಿದು ಕಣ್ಣು ಕಾಣದಂತಾಗುತ್ತದೆ. ಆಗ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ತಿರುಗುತ್ತದೆ. ಅದೇ ಮಳೆಗೆ ಶಿರಾಡಿ ಘಾಟಿಯಲ್ಲೂ ಗುಡ್ಡ ಜರಿಯುವುದರಿಂದ, ಬೆಂಗಳೂರಿನಲ್ಲಿ ಇಳಿದವರು ಟ್ಯಾಕ್ಸಿ ಹಿಡಿದು ರಾತ್ರಿಯೇ ಹೊರಡಬೇಡಿ. ವಿಮಾನ ಮತ್ತೆ ಮಂಗಳೂರಿಗೆ ಯಾವಾಗ ಹೊರಡುತ್ತದೆ ಎಂದು ಕೌಂಟರಿನಲ್ಲಿ ಕೇಳಿ. ರಸ್ತೆಯಲ್ಲೇ ಬರುವುದಾದರೆ ಘಾಟಿ ತೆರೆದಿದೆಯೇ ಎಂದು ವಿಚಾರಿಸಿ, ಬೆಳಕು ಹರಿದ ಮೇಲೆ ಹೊರಡಿ.